ವಿಶ್ವದ ಉತ್ಪತ್ತಿ ಮತ್ತು ವಿಸ್ತಾರ

ಯಾರೂ ಕಣ್ಣಾರೆ ಕಾಣದ ಕಾಲದ ಸಂಗತಿಯನ್ನು ವಿಜ್ಞಾನಿಗಳು ಹೇಗೆ ಹೇಳಬಲ್ಲರು? ವಿಶ್ವವು ಸುಮಾರು ೧,೩೮೦ ಕೋಟಿ ವರ್ಷಗಳ ಹಿಂದೆ ಅತ್ಯಂತ ಸಾಂದ್ರವೂ ಅತ್ಯಂತ ಉಷ್ಣವೂ ಆದ ಸ್ಥಿತಿಯಲ್ಲಿದ್ದಿತೆಂದೂ, ಅಂದಿನಿಂದ ಇಂದಿನವರೆಗೆ ಹಿಗ್ಗುತ್ತಲೇ ಬಂದಿದೆಯೆಂದೂ ಓದಿದಾಗ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಆ ಕಾಲದಲ್ಲಿ ಮನುಷ್ಯನಿರಲಿಲ್ಲ, ಭೂಮಿಯಿರಲಿಲ್ಲ, ಸೂರ್ಯನೂ ಇರಲಿಲ್ಲ. ಸಾಕ್ಷಿಗಳೇ ಇಲ್ಲದ ಮೇಲೆ ಇದು ಬರಿಯ ಊಹೆಯಲ್ಲವೆ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರವೇ ಈ ಲೇಖನದ ವಿಷಯ.

ಉತ್ತರದ ಸಾರವನ್ನು ಮೊದಲೇ ಹೇಳಿಬಿಡುವೆವು. 'ಯಾರು ನೋಡಿದರು?' ಎಂಬುದಕ್ಕಿಂತ 'ಏನು ಗುರುತು ಉಳಿದಿದೆ?' ಎಂಬುದೇ ವಿಜ್ಞಾನದ ಮುಖ್ಯ ಪ್ರಶ್ನೆ. ಗುರುತು ಸಿಕ್ಕ ಮೇಲೂ ಅದು ಒಬ್ಬನ ಮಾತನ್ನು ನಂಬಿ ಸುಮ್ಮನಿರುವುದಿಲ್ಲ. ಬೇರೊಬ್ಬರು, ಬೇರೊಂದು ಉಪಕರಣದಿಂದ, ಅದನ್ನು ಮತ್ತೆ ಪರೀಕ್ಷಿಸಬೇಕು. ಅಂತಹ ಪರೀಕ್ಷೆಗಳಲ್ಲೊಂದು ಕರ್ನಾಟಕದ ಕೆರೆಯ ನೀರಿನ ಮೇಲೆ ನಡೆಯಿತು. ಅದನ್ನು ಮುಂದೆ ವಿವರಿಸುವೆವು. ಅಲ್ಲಿಗೆ ತಲುಪುವ ಮುನ್ನ ಹಿಂದಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕು.

ಬೆಳಕು ತರುವ ಹಳೆಯ ಸುದ್ದಿ

ಮೊದಲನೆಯ ಗುರುತು ಬೆಳಕು. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ಇಷ್ಟು ವೇಗವಾಗಿ ಧಾವಿಸಿದರೂ ಸೂರ್ಯನಿಂದ ನಮ್ಮನ್ನು ತಲುಪಲು ಅದಕ್ಕೆ ೮ ನಿಮಿಷಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುವುದು. ಎಂದ ಮೇಲೆ ನಾವು ನೋಡುವ ಸೂರ್ಯನು ಎಂಟು ನಿಮಿಷಗಳ ಹಿಂದಿನ ಸೂರ್ಯನು. ವಸ್ತುವು ದೂರವಾದಷ್ಟೂ ಅದರಿಂದ ಬರುವ ಬೆಳಕು ಹಳೆಯದು. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರಕ್ಕೆ ಜ್ಯೋತಿರ್ವರ್ಷವೆಂದು ಹೆಸರು. ದೇವಯಾನಿ ನಕ್ಷತ್ರಪುಂಜದ ದಿಕ್ಕಿನಲ್ಲಿ ಮೋಡದ ಸಣ್ಣ ತುಣುಕಿನಂತೆ ಮಸುಕಾಗಿ ಕಾಣುವ ಒಂದು ನಕ್ಷತ್ರಲೋಕವುಂಟು. ಅದಕ್ಕೆ ಆಂಡ್ರೊಮಿಡಾ ಗೆಲಾಕ್ಸಿ ಎನ್ನುವರು. ಅದರ ದೂರ ಸುಮಾರು ೨೫ ಲಕ್ಷ ಜ್ಯೋತಿರ್ವರ್ಷ. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟಾಗ ನಮ್ಮಂತಹ ಮನುಷ್ಯರು ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹೀಗೆ, ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೆಂದೇ ಅರ್ಥ. ಇತಿಹಾಸಕಾರನಿಗೆ ಶಿಲಾಶಾಸನವು ಹೇಗೋ ಖಗೋಳವಿಜ್ಞಾನಿಗೆ ಬೆಳಕು ಹಾಗೆ. ಅಕ್ಷರಗಳು ಸವೆದಿದ್ದರೂ ಓದಬಲ್ಲವನಿಗೆ ಅದು ನಡೆದುದನ್ನು ತಿಳಿಸುವುದು.

ನಮ್ಮ ಊರಿನ ವೇಧಶಾಲೆ

ಆಕಾಶವನ್ನು ಅಳೆದು ಬರೆದಿಡುವ ಕೆಲಸದಲ್ಲಿ ಹೈದರಾಬಾದು ಹಿಂದುಳಿದಿರಲಿಲ್ಲವೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ತಿಳಿದಿರಬೇಕು. ೧೯೦೧ರಲ್ಲಿ ನವಾಬ ಜಫರ್ ಜಂಗ್ ಅವರು ನಗರದ ಫಿಸಲ್ ಬಂಡಾದಲ್ಲಿ, ೧೫ ಅಂಗುಲ ವ್ಯಾಸದ ದೂರದರ್ಶಕವನ್ನು ತರಿಸಿ, ಒಂದು ವೇಧಶಾಲೆಯನ್ನು ಸ್ಥಾಪಿಸಿದರು. ಅದಕ್ಕೆ ನಿಜಾಮಿಯಾ ವೇಧಶಾಲೆಯೆಂದು ಹೆಸರಾಯಿತು. ೧೯೦೮ರಲ್ಲಿ ಅದು ನಿಜಾಮ ಸರಕಾರದ ವಶಕ್ಕೆ ಬಂದು, ಬಳಿಕ ಬೇಗಂಪೇಟೆಯಲ್ಲಿ ನೆಲೆಗೊಂಡು, ೧೯೧೯ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆಗ ಅನೇಕ ದೇಶಗಳ ವೇಧಶಾಲೆಗಳು ಆಕಾಶವನ್ನು ತಮ್ಮ ತಮ್ಮೊಳಗೆ ಹಂಚಿಕೊಂಡು ಛಾಯಾಚಿತ್ರಗಳ ಮೂಲಕ ನಕ್ಷತ್ರಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದವು. ಹೈದರಾಬಾದಿನ ಪಾಲಿಗೆ ಬಂದ ಭಾಗದಲ್ಲಿ ೭,೬೩,೦೦೦ಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ಒಂದೊಂದಾಗಿ ಅಳೆದು, ಹನ್ನೆರಡು ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಮೂರು ದಶಕಗಳಿಗೂ ಮಿಕ್ಕಿದ ಈ ದುಡಿಮೆಯಲ್ಲಿ ಯಾವ ಚಮತ್ಕಾರವೂ ಇಲ್ಲ. ಗಾಜಿನ ಫಲಕದ ಮೇಲಿನ ಚುಕ್ಕೆಗಳನ್ನು ತಾಳ್ಮೆಯಿಂದ ಅಳೆಯುವುದಷ್ಟೆ. ಆದರೆ ಇಂತಹ ತಾಳ್ಮೆಯ ಅಳತೆಗಳ ಮೇಲೆಯೇ ವಿಶ್ವದ ದೊಡ್ಡ ಕಥೆ ನಿಂತಿದೆ.

ನಗರದ ದೀಪಗಳು ಹೆಚ್ಚಿದಂತೆ ಬೇಗಂಪೇಟೆಯ ಆಕಾಶವು ಬೆಳಗಿ, ನಕ್ಷತ್ರಗಳು ಮಂಕಾದವು. ಆದುದರಿಂದ ೪೮ ಅಂಗುಲದ ಹೊಸ ದೂರದರ್ಶಕವನ್ನು ನಗರದ ಹೊರಗಣ ಜಪಾಲ-ರಂಗಾಪುರದಲ್ಲಿ ೧೯೬೮ರಲ್ಲಿ ನಿಲ್ಲಿಸಬೇಕಾಯಿತು. ಇದೇ ವೇಧಶಾಲೆಯಲ್ಲಿ ಕೆಲಸಮಾಡುತ್ತಿದ್ದವರೊಬ್ಬರ ಮಗ, ಹೈದರಾಬಾದಿನಲ್ಲಿ ಓದಿದ ವೈನು ಬಾಪು ಅವರು ಮುಂದೆ ತಮಿಳುನಾಡಿನ ಕಾವಲೂರಿನ ವೇಧಶಾಲೆಯನ್ನು ಕಟ್ಟಿದರು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಅಸ್ತಿಭಾರ ಹಾಕಿದರು.

ಓಡುವ ನಕ್ಷತ್ರಲೋಕಗಳು

ನಕ್ಷತ್ರದ ದಿಕ್ಕನ್ನು ಅಳೆಯುವುದು ಸುಲಭ, ದೂರವನ್ನು ಅಳೆಯುವುದು ಕಷ್ಟ. ಸಂಗಾರೆಡ್ಡಿಯ ಕಡೆಗೆ ಹೋಗುವ ಹೆದ್ದಾರಿಯ ಸಾಲುದೀಪಗಳನ್ನು ನೋಡಿರಿ. ಎಲ್ಲ ದೀಪಗಳ ಶಕ್ತಿಯೂ ಒಂದೇ ಎಂದು ನಮಗೆ ಗೊತ್ತಿದ್ದರೆ, ಮಂಕಾಗಿ ಕಾಣುವುದು ದೂರದ್ದೆಂದು ತಿಳಿಯಬಹುದು. ಎಷ್ಟು ಮಂಕು ಎಂಬುದರಿಂದ ಎಷ್ಟು ದೂರ ಎಂಬುದನ್ನೂ ಲೆಕ್ಕ ಹಾಕಬಹುದು. ಆಕಾಶದಲ್ಲಿ ಹೀಗೆ ಶಕ್ತಿ ಗೊತ್ತಿರುವ ದೀಪಗಳನ್ನು ತೋರಿಸಿಕೊಟ್ಟವರು ಅಮೆರಿಕದ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ಕ್ರಮವಾಗಿ ಬೆಳಗುತ್ತ ಮಂಕಾಗುತ್ತ ಇರುವುವು. ಈ ಏರಿಳಿತಕ್ಕೆ ಹಿಡಿಯುವ ಕಾಲವು ಹೆಚ್ಚಾದಷ್ಟೂ ಅವುಗಳ ನಿಜವಾದ ಪ್ರಕಾಶವೂ ಹೆಚ್ಚೆಂದು ಆಕೆ ೧೯೧೨ರಲ್ಲಿ ಪ್ರಕಟಿಸಿದರು. ೧೯೨೩ರಲ್ಲಿ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಮೌಂಟ್ ವಿಲ್ಸನ್ನಿನ ೧೦೦ ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡಾದಲ್ಲಿ ಅಂತಹ ನಕ್ಷತ್ರವೊಂದನ್ನು ಕಂಡನು. ಅದು ನಮ್ಮ ಆಕಾಶಗಂಗೆಯ ಹೊರಗೆ ಬಹುದೂರದಲ್ಲಿರುವ ಬೇರೊಂದು ನಕ್ಷತ್ರಲೋಕವೆಂದು ಇದರಿಂದ ಸ್ಥಿರಪಟ್ಟಿತು.

ದೂರದ ಜೊತೆಗೆ ವೇಗವೂ ಬೇಕು. ಹೆದ್ದಾರಿಯಲ್ಲಿ ಹಾರನ್ ಹೊಡೆಯುತ್ತ ಬರುವ ಲಾರಿಯ ಧ್ವನಿಯು ಹತ್ತಿರ ಬರುವಾಗ ತೀಕ್ಷ್ಣವಾಗಿಯೂ, ನಮ್ಮನ್ನು ದಾಟಿ ದೂರ ಸರಿಯುವಾಗ ತಗ್ಗಿದಂತೆಯೂ ಕೇಳಿಸುವುದು. ಬೆಳಕಿಗೂ ಇಂತಹುದೇ ನಿಯಮವುಂಟು. ದೂರ ಸರಿಯುವ ವಸ್ತುವಿನ ಬೆಳಕಿನ ಅಲೆಗಳು ಉದ್ದವಾಗಿ, ಅದರ ವರ್ಣಪಟಲದ ಗೆರೆಗಳು ಕೆಂಪಿನ ಕಡೆಗೆ ಜರುಗುವುವು. ವೆಸ್ಟೋ ಸ್ಲೈಫರ್ ಎಂಬಾತನು ೧೯೧೨ರಿಂದ ಅನೇಕ ನಕ್ಷತ್ರಲೋಕಗಳ ವರ್ಣಪಟಲವನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ನಮ್ಮಿಂದ ದೂರ ಸರಿಯುತ್ತಿವೆಯೆಂದು ತಿಳಿಸಿದನು. ಆಂಡ್ರೊಮಿಡಾದಂತಹ ಹತ್ತಿರದ ಕೆಲವು ಮಾತ್ರ ಗುರುತ್ವಾಕರ್ಷಣೆಯಿಂದ ನಮ್ಮ ಕಡೆಗೇ ಬರುತ್ತಿವೆ. ದೂರ ಮತ್ತು ವೇಗಗಳನ್ನು ಹೋಲಿಸಿ ಹಬಲ್ಲನು ೧೯೨೯ರಲ್ಲಿ ಹೇಳಿದ ನಿಯಮವು ಸರಳವಾದುದು: ದೂರ ಇಮ್ಮಡಿಯಾದರೆ ವೇಗವೂ ಇಮ್ಮಡಿ. ಇದಕ್ಕೂ ಮುಂಚೆ, ಐನ್‌ಸ್ಟೈನರ ಸಮೀಕರಣಗಳಿಂದಲೇ ವಿಶ್ವವು ಹಿಗ್ಗುತ್ತಿರಬಹುದೆಂದು ರಷ್ಯದ ಫ್ರೀಡ್‌ಮನ್ ೧೯೨೨ರಲ್ಲಿಯೂ, ಬೆಲ್ಜಿಯಮ್ಮಿನ ಲಮೇತ್ರ್ ೧೯೨೭ರಲ್ಲಿಯೂ ಗಣಿತದ ಮೂಲಕ ತೋರಿಸಿದ್ದರು.

ರೊಟ್ಟಿ ಮತ್ತು ಎಳ್ಳು

ಎಲ್ಲವೂ ನಮ್ಮಿಂದ ಓಡುತ್ತಿವೆಯೆಂದರೆ ನಾವು ವಿಶ್ವದ ನಟ್ಟನಡುವೆ ಇದ್ದೇವೆಯೆ? ಇಲ್ಲ. ಸಂಕ್ರಾಂತಿಯ ಸಜ್ಜೆ ರೊಟ್ಟಿಯನ್ನು ತಾಯಂದಿರು ತಟ್ಟುವ ಬಗೆಯನ್ನು ನೆನೆಯಿರಿ. ಹಿಟ್ಟಿನ ಮೇಲೆ ಎಳ್ಳನ್ನು ಉದುರಿಸಿ ತಟ್ಟುತ್ತ ಹೋದರೆ, ರೊಟ್ಟಿ ಅಗಲವಾದಂತೆ ಕಾಳುಗಳ ನಡುವಣ ಅಂತರವೂ ಹೆಚ್ಚುವುದು. ಯಾವ ಕಾಳೂ ತಾನಾಗಿ ನಡೆದುಹೋಗಲಿಲ್ಲ. ನಡುವಣ ಹಿಟ್ಟು ಹರಡಿತು. ಒಂದು ಬೆರಳಿನ ದೂರದಲ್ಲಿದ್ದ ಕಾಳು ಎರಡು ಬೆರಳಿನ ದೂರಕ್ಕೆ ಹೋಗುವಷ್ಟರಲ್ಲಿ, ಎರಡು ಬೆರಳಿನ ದೂರದಲ್ಲಿದ್ದುದು ನಾಲ್ಕು ಬೆರಳಿನ ದೂರಕ್ಕೆ ಹೋಗುವುದು. ಯಾವ ಕಾಳಿನ ಮೇಲೆ ನಿಂತು ನೋಡಿದರೂ ಉಳಿದವು ದೂರ ಸರಿದಂತೆಯೇ ಕಾಣುವುದು. ರೊಟ್ಟಿಗೆ ಅಂಚುಂಟು, ನಡುವುಂಟು. ವಿಶ್ವಕ್ಕೆ ಅಂತಹ ಅಂಚಾಗಲಿ ನಡುವಾಗಲಿ ಕಂಡುಬಂದಿಲ್ಲ. ಇಷ್ಟು ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಈ ಉಪಮಾನವು ಸಾಕು. 'ಮಹಾಸ್ಫೋಟ' ಎಂಬ ಹೆಸರನ್ನು ಕೇಳಿ, ಬರಿದಾದ ಜಾಗದಲ್ಲಿ ಬಾಂಬು ಸಿಡಿದಂತೆ ಎಂದು ಭಾವಿಸಬಾರದು, ಹಿಗ್ಗಿದುದು ಜಾಗವೇ.

ಇಂದು ಹಿಗ್ಗುತ್ತಿರುವುದು ನಿನ್ನೆ ಚಿಕ್ಕದಾಗಿದ್ದಿರಬೇಕು. ಹಿಗ್ಗುವ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ದೊರೆಯುವುದು. ಆದರೆ ಹಬಲ್ಲನ ಮೊದಲ ಅಳತೆಗಳಿಂದ ದೊರೆತ ವಯಸ್ಸು ಸುಮಾರು ೨೦೦ ಕೋಟಿ ವರ್ಷ ಮಾತ್ರ. ಭೂಮಿಯ ಶಿಲೆಗಳು ಅದಕ್ಕಿಂತಲೂ ಹಳೆಯವೆಂದು ಭೂವಿಜ್ಞಾನಿಗಳು ತೋರಿಸಿದರು. ತಾಯಿಗಿಂತ ಮಗಳು ಹಿರಿಯಳೆಂದಂತಾಯಿತು! ಎಲ್ಲಿಯೋ ತಪ್ಪಿದೆಯೆಂದು ಹುಡುಕಿದವರಲ್ಲಿ ವಾಲ್ಟರ್ ಬಾಡೆ ಎಂಬಾತನು, ಸೆಫೀಡ್ ನಕ್ಷತ್ರಗಳಲ್ಲಿಯೇ ಎರಡು ಬಗೆಗಳಿವೆಯೆಂದೂ, ಆದುದರಿಂದ ಆಂಡ್ರೊಮಿಡಾದ ದೂರವು ಎಣಿಸಿದುದಕ್ಕಿಂತ ಸುಮಾರು ಇಮ್ಮಡಿಯೆಂದೂ ೧೯೫೨ರಲ್ಲಿ ತಿಳಿಸಿದನು. ಮುಂದೆ ಅಳತೆಗಳು ಮತ್ತಷ್ಟು ಶುದ್ಧವಾಗಿ, ಇಂದು ವಿಶ್ವಕ್ಕೆ ೧,೩೮೦ ಕೋಟಿ ವರ್ಷಗಳೂ ಭೂಮಿಗೆ ೪೫೪ ಕೋಟಿ ವರ್ಷಗಳೂ ಎಂದು ತಿಳಿದಿದೆ.

ಎರಡು ಮತಗಳ ವಾದ

ಹಿಗ್ಗುವಿಕೆಯನ್ನು ಒಪ್ಪಿದ ಮಾತ್ರಕ್ಕೆ ಆದಿಯನ್ನು ಒಪ್ಪಬೇಕೆಂದಿಲ್ಲ. ೧೯೪೮ರಲ್ಲಿ ಬಾಂಡಿ, ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್ ಎಂಬ ಮೂವರು, ವಿಶ್ವವು ಹಿಗ್ಗಿದಂತೆಲ್ಲ ನಡುವೆ ಹೊಸ ದ್ರವ್ಯವು ಹುಟ್ಟುತ್ತಿರುವುದು, ಆದುದರಿಂದ ವಿಶ್ವವು ಯಾವಾಗಲೂ ಹೀಗೆಯೇ ಇದ್ದಿತು ಎಂದು ವಾದಿಸಿದರು. ಎದುರುಪಕ್ಷಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರು ೧೯೪೯ರ ಒಂದು ರೇಡಿಯೋ ಭಾಷಣದಲ್ಲಿ ಬಂದುದು ಹಾಯ್ಲರ ಬಾಯಿಂದಲೇ. ಕೊಲ್ಹಾಪುರದಲ್ಲಿ ೧೯೩೮ರಲ್ಲಿ ಹುಟ್ಟಿ ೨೦೨೫ರಲ್ಲಿ ತೀರಿಕೊಂಡ ನಮ್ಮ ಜಯಂತ ನಾರಳೀಕರರು ಹಾಯ್ಲರ ಶಿಷ್ಯರು. ಮಹಾಸ್ಫೋಟದ ವಾದವನ್ನು ಕೊನೆಯವರೆಗೂ ಪ್ರಶ್ನಿಸಿದವರು. ಹೀಗೆ ಪ್ರಶ್ನಿಸುವವರಿದ್ದುದರಿಂದಲೇ ಪ್ರಮಾಣಗಳು ಗಟ್ಟಿಯಾದುವು.

ವಾದವನ್ನು ತೀರ್ಮಾನಿಸಿದುದು ಮಾತಿನ ಚಾತುರ್ಯವಲ್ಲ, ಪರೀಕ್ಷೆ. ವಿಶ್ವವು ಯಾವಾಗಲೂ ಒಂದೇ ಬಗೆಯಾಗಿದ್ದರೆ ಅತಿದೂರದ, ಎಂದರೆ ಅತಿಹಿಂದಿನ, ನಕ್ಷತ್ರಲೋಕಗಳೂ ಹತ್ತಿರದವುಗಳಂತೆಯೇ ಇರಬೇಕು. ನೀಲಗಿರಿಯ ಊಟಿಯ ಬಳಿ ಗೋವಿಂದ ಸ್ವರೂಪರು ೧೯೭೦ರಲ್ಲಿ ಕಟ್ಟಿ ಮುಗಿಸಿದ ರೇಡಿಯೋ ದೂರದರ್ಶಕವು ೫೩೦ ಮೀಟರು ಉದ್ದ, ೩೦ ಮೀಟರು ಅಗಲ. ಚಂದ್ರನು ದೂರದ ರೇಡಿಯೋ ನಕ್ಷತ್ರಲೋಕಗಳನ್ನು ಮರೆಮಾಡುವ ಕ್ಷಣವನ್ನು ನೋಡಿ ಅವುಗಳ ಗಾತ್ರವನ್ನು ಅದರಿಂದ ಅಳೆದರು. ೧೯೭೫ರ ವೇಳೆಗೆ ಸ್ವರೂಪ ಮತ್ತು ವಿಜಯ ಕಪಾಹಿಯವರು, ಹಿಂದಿನ ಕಾಲದ ರೇಡಿಯೋ ನಕ್ಷತ್ರಲೋಕಗಳು ಇಂದಿನವುಗಳಂತಿಲ್ಲವೆಂದು ತೋರಿಸಿದರು. ವಿಶ್ವವು ಬದಲಾಗುತ್ತ ಬಂದಿದೆಯೆಂಬುದಕ್ಕೆ ಇದೂ ಒಂದು ಸ್ವತಂತ್ರ ಪ್ರಮಾಣ.

ಇನ್ನೂ ಬಲವಾದ ಗುರುತು ಅಷ್ಟರಲ್ಲಿ ದೊರೆತಿದ್ದಿತು. ಒಲೆ ಆರಿದ ಮೇಲೂ ಹಂಚಿನಲ್ಲಿ ಕಾವು ಉಳಿಯುವಂತೆ, ಆದಿಯ ಉಷ್ಣದ ಶೇಷವು ಇಂದಿಗೂ ಇರಬೇಕೆಂದು ಆಲ್ಫರ್ ಮತ್ತು ಹರ್ಮನ್ ಎಂಬವರು ೧೯೪೮ರಲ್ಲಿ ಹೇಳಿದ್ದರು. ಅಮೆರಿಕದ ನ್ಯೂಜರ್ಸಿಯಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್ ಎಂಬ ಇಬ್ಬರು ೧೯೬೪ರಲ್ಲಿ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಒಂದು ಗೊರಗೊರ ಶಬ್ದವನ್ನು ಕಂಡರು. ಪಾರಿವಾಳಗಳು ಒಳಗೆ ಹಾಕಿದ್ದ ಹಿಕ್ಕೆಯನ್ನು ತೊಳೆದರೂ ಶಬ್ದವು ಹೋಗಲಿಲ್ಲ. ಅದೇ ಆ ಉಷ್ಣಶೇಷವೆಂದು ೧೯೬೫ರಲ್ಲಿ ಪ್ರಕಟವಾಯಿತು. ಅದರ ಉಷ್ಣತೆ ಇಂದು ಪರಮಶೂನ್ಯಕ್ಕಿಂತ ಕೇವಲ ೨.೭ ಡಿಗ್ರಿ ಮೇಲೆ. ೧೯೮೯ರಲ್ಲಿ ಹಾರಿಸಿದ ಕೋಬೆ ಮತ್ತು ೨೦೦೯ರಲ್ಲಿ ಹಾರಿಸಿದ ಪ್ಲಾಂಕ್ ಎಂಬ ಉಪಗ್ರಹಗಳು ಇದನ್ನು ಸೂಕ್ಷ್ಮವಾಗಿ ಅಳೆದು ದೃಢಪಡಿಸಿದವು.

ನಡೆದುದರ ಕ್ರಮ

ಈ ಗುರುತುಗಳನ್ನೆಲ್ಲ ಜೋಡಿಸಿದಾಗ ತೋರುವ ಕ್ರಮವು ಹೀಗಿದೆ. ಮೊದಲ ಕೆಲವು ನಿಮಿಷಗಳಲ್ಲಿ ಜಲಜನಕ ಮತ್ತು ಹೀಲಿಯಮ್ಮುಗಳ ಬೀಜಕಣಗಳು ಸಿದ್ಧವಾದುವು. ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಹೀಲಿಯಂ. ಆಗ ಎಲೆಕ್ಟ್ರಾನುಗಳು ಬಿಡಿಯಾಗಿದ್ದುದರಿಂದ ಬೆಳಕು, ದಟ್ಟ ಮಂಜಿನಲ್ಲಿ ದೀಪದ ಬೆಳಕು ಚೆದುರುವಂತೆ, ಮುಂದೆ ಸಾಗಲಾರದೆ ಇದ್ದಿತು. ಸುಮಾರು ೩,೮೦,೦೦೦ ವರ್ಷಗಳಾದಾಗ ಉಷ್ಣತೆಯು ೩,೦೦೦ ಡಿಗ್ರಿಗೆ ಇಳಿದು, ಪರಮಾಣುಗಳು ಕೂಡಿಕೊಂಡು, ಮಂಜು ತಿಳಿಯಾಯಿತು. ಅಂದು ಬಿಡುಗಡೆಯಾದ ಬೆಳಕೇ ಮೇಲೆ ಹೇಳಿದ ಉಷ್ಣಶೇಷ. ಆ ಬಳಿಕ ಕೋಟಿಗಟ್ಟಲೆ ವರ್ಷಗಳ ಕತ್ತಲು. ನಕ್ಷತ್ರವೊಂದೂ ಇರಲಿಲ್ಲ. ಜಲಜನಕದ ಅನಿಲವು ತನ್ನ ಭಾರದಿಂದಲೇ ಅಲ್ಲಲ್ಲಿ ಒಟ್ಟುಗೂಡಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲವನ್ನು ವಿಜ್ಞಾನಿಗಳು ವಿಶ್ವದ ಅರುಣೋದಯವೆನ್ನುವರು.

ಕೆರೆಯ ಮೇಲಿನ ಪರೀಕ್ಷೆ

ಆ ಅರುಣೋದಯದ ಗುರುತನ್ನು ಹಿಡಿಯುವುದು ಹೇಗೆ? ಜಲಜನಕವು ೨೧ ಸೆಂಟಿಮೀಟರು ಉದ್ದದ ರೇಡಿಯೋ ಅಲೆಯನ್ನು ಹೀರಲೂ ಸೂಸಲೂ ಬಲ್ಲುದು. ಅಂದಿನಿಂದ ವಿಶ್ವವು ಹಿಗ್ಗಿರುವ ಕಾರಣ ಆ ಅಲೆಯು ಇಂದು ಹಲವು ಮೀಟರುಗಳಷ್ಟು ಉದ್ದವಾಗಿ ನಮ್ಮನ್ನು ಸೇರುವುದು. ೨೦೧೮ರಲ್ಲಿ, ಪಶ್ಚಿಮ ಆಸ್ಟ್ರೇಲಿಯದಲ್ಲಿ ನಿಲ್ಲಿಸಿದ 'ಎಡ್ಜಸ್' ಎಂಬ ಉಪಕರಣವು ೭೮ ಮೆಗಾಹರ್ಟ್ಸ್ ಆವೃತ್ತಿಯ ಬಳಿ ಅಂತಹ ಗುರುತನ್ನು ಕಂಡಿತೆಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಆ ಗುರುತು ಎಣಿಸಿದ್ದಕ್ಕಿಂತ ಇಮ್ಮಡಿಗೂ ಮೀರಿ ಆಳವಾಗಿದ್ದಿತು. ಲೋಕವೆಲ್ಲ ಬೆರಗಾಯಿತು, ಭೌತಶಾಸ್ತ್ರದ ಹೊಸ ನಿಯಮಗಳೇ ಬೇಕಾಗಬಹುದೆಂದು ಕೆಲವರು ಹೇಳಿದರು.

ಸರ್ ಸಿ. ವಿ. ರಾಮನ್ನರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯವರು ಇದನ್ನು ಪರೀಕ್ಷಿಸಲು ಮುಂದಾದರು. ಅವರು ತಾವೇ ರಚಿಸಿದ ಉಪಕರಣಕ್ಕೆ 'ಸರಸ್' ಎಂದು ಹೆಸರು. ಕೆಲಸವು ಅತಿ ಕಠಿನ. ನಮ್ಮ ಆಕಾಶಗಂಗೆಯ ರೇಡಿಯೋ ಶಬ್ದವು ಹುಡುಕುವ ಗುರುತಿಗಿಂತ ಸಾವಿರಾರು ಪಟ್ಟು ಪ್ರಬಲ. ನಗರದ ರೇಡಿಯೋ ಕೇಂದ್ರಗಳ ಗದ್ದಲ ಬೇರೆ. ನೆಲದ ಮೇಲೆ ಆಂಟೆನಾವನ್ನಿಟ್ಟರೆ ಅದರ ಕೆಳಗಿನ ಮಣ್ಣು, ಕಲ್ಲು, ತೇವಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದು, ಇಲ್ಲದ ಗುರುತನ್ನು ಉಂಟುಮಾಡಬಹುದು. ನೀರಾದರೋ ಎಲ್ಲ ಕಡೆಯೂ ಒಂದೇ ಸಮ. ಆದುದರಿಂದ ೨೦೨೦ರ ಆರಂಭದಲ್ಲಿ ಅವರು ಜನವಸತಿಯಿಂದ ದೂರವಾದ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ಆಂಟೆನಾವನ್ನು ತೆಪ್ಪದಂತೆ ತೇಲಿಬಿಟ್ಟು ಅಳತೆಗಳನ್ನು ಪಡೆದರು.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮೊದಲಾದವರ ಈ ತಂಡವು ೨೦೨೨ರ ಫೆಬ್ರವರಿಯಲ್ಲಿ 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆಸ್ಟ್ರೇಲಿಯದಲ್ಲಿ ಕಂಡ ಗುರುತು ಇವರ ಅಳತೆಗಳಲ್ಲಿ ಇಲ್ಲ. ಶೇಕಡಾ ೯೫.೩ರ ಭರವಸೆಯಿಂದ ಅದನ್ನು ಅಲ್ಲಗಳೆಯಬಹುದೆಂದು ಅವರು ಹೇಳಿದರು. ಶೇಕಡಾ ನೂರು ಎನ್ನಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತನ್ನ ಭರವಸೆ ಎಷ್ಟೆಂಬುದನ್ನೂ ಅಳೆದು ಹೇಳುವುದು ವಿಜ್ಞಾನದ ಮರ್ಯಾದೆ. ನಿಜವಾದ ಅರುಣೋದಯದ ಗುರುತು ಇನ್ನೂ ನಿಸ್ಸಂದೇಹವಾಗಿ ಯಾರ ಕೈಗೂ ಸಿಕ್ಕಿಲ್ಲ; ಹುಡುಕಾಟ ನಡೆದೇ ಇದೆ.

ಉಳಿದ ಪ್ರಶ್ನೆಗಳು

ಉಳಿದ ಪ್ರಶ್ನೆಗಳೂ ಚಿಕ್ಕವಲ್ಲ. ವಿಶ್ವದ ಹಿಗ್ಗುವಿಕೆಯು ನಿಧಾನವಾಗುತ್ತಿಲ್ಲ, ತ್ವರಿತವಾಗುತ್ತಿದೆಯೆಂದು ೧೯೯೮ರಲ್ಲಿ ತಿಳಿದುಬಂದಿತು. ಅದಕ್ಕೆ ಕಾರಣವಾದ ಶಕ್ತಿಯ ಸ್ವರೂಪವು ಗೊತ್ತಿಲ್ಲ. ನಾವು ಬಲ್ಲ ದ್ರವ್ಯವು ಇಡಿಯ ವಿಶ್ವದಲ್ಲಿ ಶೇಕಡಾ ೫ರಷ್ಟು ಮಾತ್ರ. ಹಿಗ್ಗುವ ವೇಗವನ್ನು ಎರಡು ಮಾರ್ಗಗಳಿಂದ ಅಳೆದರೆ ಎರಡು ಬೇರೆ ಬೇರೆ ಅಂಕಿಗಳು ಬರುತ್ತಿವೆ. ಮೊದಲ ಕ್ಷಣಕ್ಕೂ ಹಿಂದೆ ಏನಿದ್ದಿತೆಂಬುದಕ್ಕೆ ಯಾವ ಗುರುತೂ ಇನ್ನೂ ದೊರೆತಿಲ್ಲ. ಗುರುತಿಲ್ಲದ ಕಡೆ ವಿಜ್ಞಾನವು ಮೌನವಾಗಿರುವುದು.

ಇಂತಹ ವಿಷಯಗಳು ಇಂಗ್ಲಿಷಿನಲ್ಲಿ ಓದುವವರಿಗೆ ಮೀಸಲೆಂಬ ಅಳುಕು ಕನ್ನಡ ಶಾಲೆಯ ಮಕ್ಕಳಲ್ಲಿ ಇರುವುದನ್ನು ನಾವು ಬಲ್ಲೆವು. ದುಡಿಮೆಯನ್ನರಸಿ ಬೀದರ, ಕಲಬುರಗಿಗಳ ಕಡೆಯಿಂದ ಪಟಾನ್‌ಚೆರುವಿಗೆ ಬಂದು, ಕಾರ್ಖಾನೆಗಳ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಈ ಅಳುಕು ಇನ್ನೂ ಹೆಚ್ಚು. ಅದಕ್ಕೆ ಕಾರಣವಿಲ್ಲ. ಸಾಲುದೀಪ, ಲಾರಿಯ ಹಾರನ್, ಎಳ್ಳಿನ ರೊಟ್ಟಿ, ಕಾದ ಹಂಚು, ಕೆರೆಯ ನೀರು: ಇವಿಷ್ಟನ್ನು ಬಲ್ಲವರು ಈ ಪಾಠವನ್ನೂ ಬಲ್ಲರು. ಗಣಿತವನ್ನು ಶ್ರದ್ಧೆಯಿಂದ ಕಲಿತರೆ ಮುಂದಿನ ದಾರಿಯೂ ತೆರೆಯುವುದು.

ಕೊನೆಯದಾಗಿ ಒಂದು ಅಭ್ಯಾಸ. ನಮ್ಮ ಬಡಾವಣೆಯ ದೀಪಗಳ ನಡುವೆ ಆಂಡ್ರೊಮಿಡಾ ಬರಿಗಣ್ಣಿಗೆ ಕಾಣಿಸದು. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗುವವರು ಅಂದು ಕತ್ತಲಾದ ಮೇಲೆ ಹೊಲದಲ್ಲಿ ನಿಂತು, ಉತ್ತರಕ್ಕೆ ಮುಖಮಾಡಿ, ನೆತ್ತಿಯಿಂದ ಕೊಂಚ ಕೆಳಗೆ ಹುಡುಕಿರಿ. ಕಣ್ಣು ಕತ್ತಲಿಗೆ ಒಗ್ಗುವವರೆಗೆ ಹತ್ತು-ಹದಿನೈದು ನಿಮಿಷ ಕಾಯಿರಿ. ಮಸುಕಾದ ಮಚ್ಚೆಯೊಂದು ಕಂಡರೆ, ೨೫ ಲಕ್ಷ ವರ್ಷಗಳ ಹಿಂದಿನ ಬೆಳಕನ್ನು ಕಂಡಿರೆಂದು ತಿಳಿಯಿರಿ. ಕಂಡವರು ದಿನ, ವೇಳೆ, ದಿಕ್ಕುಗಳನ್ನು ಬರೆದುಕೊಂಡು ಬಂದು ತರಗತಿಯಲ್ಲಿ ಹೇಳಿರಿ. ಕಾಣದವರೂ ಕಾಣಲಿಲ್ಲವೆಂದೇ ಬರೆಯಿರಿ. ಎರಡೂ ಬರಹಗಳಿಗೆ ಬೆಲೆ ಒಂದೇ.